ಅರ್ಧ ಪಾಠ

ಈ ವರ್ಷ ನಮ್ಮ ತರಗತಿಯವರು ಕೆಮ್ಮಣ್ಣುಗುಂಡಿಗೆ ಪ್ರವಾಸ ಹೋಗಿದ್ದೆವು. ಆ ಪ್ರವಾಸದ ವರ್ಣನೆಯನ್ನು ಬೇರೊಬ್ಬ ಮಿತ್ರರು ಈ ಸಂಚಿಕೆಗೆ ಬರೆದುಕೊಡುತ್ತಾರೆಂದು ಕೇಳಿದ್ದೇನೆ. ಆದ್ದರಿಂದ ಹೆಬ್ಬೆ ಜಲಪಾತದ ಸೊಬಗನ್ನೂ ತೋಟಗಾರಿಕೆ ಇಲಾಖೆಯವರು ಬೆಳೆಸಿರುವ ಹೂವುಗಳ ಬಣ್ಣವನ್ನೂ ಅವರ ಲೇಖನಿಗೇ ಬಿಡುತ್ತೇನೆ. ಅಂದು ಸಂಜೆ ರಾಜಭವನದ ಬಳಿ ಹುಲ್ಲಿನ ಮೇಲೆ ಕುಳಿತಿದ್ದಾಗ ನಡೆದ ಒಂದು ಸಣ್ಣ ಮಾತುಕತೆಯನ್ನಷ್ಟೇ ವಾಚಕರ ಮುಂದಿಡುವುದು ನನ್ನ ಉದ್ದೇಶ.

ಮಂಜು ಇಳಿಯುತ್ತಿತ್ತು. ಸಹಪಾಠಿಯೊಬ್ಬನು ತನ್ನ ಮೊಬೈಲಿಗೆ ಬಂದ ಒಂದು ಚಿತ್ರವನ್ನು ಎಲ್ಲರಿಗೂ ತೋರಿಸಿದ. ಬೀದರ್ ಜಿಲ್ಲೆಯ ಗೋರ್ಟಾ ಎಂಬ ಗ್ರಾಮದಲ್ಲಿ ೧೯೪೮ರಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯ ವಿಚಾರ ಅದು. ಕೊನೆಯಲ್ಲಿ ಒಂದು ಸಾಲು: ಇದನ್ನು ಮರೆಯಬೇಡಿ, ಇವರನ್ನು ನಂಬಬೇಡಿ. ನೋಡಿದವರಲ್ಲಿ ಕೆಲವರು ಹಲ್ಲು ಕಡಿದರು. ಒಬ್ಬನು, “ಇವರಿಗೆಲ್ಲ ಸರಿಯಾದ ಪಾಠ ಕಲಿಸಬೇಕು ಕಣೋ” ಎಂದ. ಆ “ಇವರು” ಎಂಬ ಮಾತಿನಲ್ಲಿ, ನಮ್ಮ ಜೊತೆಯಲ್ಲೇ ಬಸ್ಸಿನಲ್ಲಿ ಹಾಡುತ್ತ ಬಂದಿದ್ದ, ಆಗತಾನೇ ನಮಗೆಲ್ಲ ಚಹಾ ತರಲು ಹೋಗಿದ್ದ ಗೆಳೆಯನೂ ಸೇರಿದ್ದಾನೆಂಬುದು ಆಡಿದವನಿಗೆ ಹೊಳೆಯಲಿಲ್ಲ. ನನಗೂ ಹೊಳೆದದ್ದು ಆಮೇಲೆ.

ನಮ್ಮಲ್ಲಿ ಬೀದರ್ ಕಡೆಯವನೊಬ್ಬನಿದ್ದಾನೆ. ತಂದೆಯವರ ವರ್ಗಾವಣೆಯಿಂದ ಈ ಕಡೆ ಬಂದವನು, ಮಾತು ಕಡಮೆ. ಎಲ್ಲರೂ ಅವನ ಮುಖ ನೋಡಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಖರೇ ಐತಿ. ಗೋರ್ಟಾದಾಗ ಹಂಗೇ ಆಗೇತಿ. ಆದರ ನಮ್ಮ ಆಯಿ ಎರಡೂ ನೋಡ್ಯಾಳ. ಬ್ಯಾಸಗ್ಯಾಗ ಅವರು ಓಡಿಬಂದಿದ್ದರಂತ. ಮಳಿಗಾಲ ಮುಗಿಯೂದ್ರಾಗ ಬಾಜೂ ಮನ್ಯಾವರು ಓಡಿದ್ದರಂತ. ನೀವು ಒಂದೇ ನೋಡಾಕತ್ತೀರಿ” ಎಂದ. ಅಷ್ಟೇ. ಮಾತು ಅಲ್ಲಿಗೆ ನಿಂತಿತು. ಚಹಾ ಬಂತು.

ಊರಿಗೆ ಹಿಂತಿರುಗಿದ ಮೇಲೆ ಆ ಎರಡನೆಯದು ಏನೆಂದು ತಿಳಿಯಲು ಪುಸ್ತಕಗಳನ್ನು ಹುಡುಕಿದೆ. ತಿಳಿದುಕೊಂಡದ್ದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ.

ಸ್ವಾತಂತ್ರ್ಯ ಬಂದಾಗ ಬೀದರ್, ಗುಲ್ಬರ್ಗ, ರಾಯಚೂರು ಈ ಕನ್ನಡ ಜಿಲ್ಲೆಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮನು ಭಾರತವನ್ನು ಸೇರಲು ಒಪ್ಪಲಿಲ್ಲ. ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು ಹಳ್ಳಿಹಳ್ಳಿಗಳಲ್ಲಿ ಲೂಟಿ, ಬೆಂಕಿ, ಕೊಲೆಗಳನ್ನು ನಡೆಸಿದರು. ೧೯೪೮ರ ಮೇ ತಿಂಗಳಿನಲ್ಲಿ ಗೋರ್ಟಾದಲ್ಲಿ ಸುಮಾರು ೨೦೦ ಮಂದಿ ಕೊಲೆಯಾದರೆಂದು ಹೇಳುತ್ತಾರೆ. ಸತ್ತವರು ಹಿಂದೂಗಳು. ಈ ರಜಾಕಾರರನ್ನು ವಿರೋಧಿಸಿದ ಮುಸಲ್ಮಾನರೂ ಇದ್ದರು. ಶೋಯಬುಲ್ಲಾ ಖಾನ್ ಎಂಬ ಪತ್ರಿಕಾ ಸಂಪಾದಕರು, ಹೈದರಾಬಾದು ಭಾರತವನ್ನು ಸೇರಬೇಕೆಂದು ಬರೆದುದಕ್ಕಾಗಿ ಅದೇ ವರ್ಷದ ಆಗಸ್ಟಿನಲ್ಲಿ ಪ್ರಾಣ ತೆತ್ತರು. ಸೆಪ್ಟೆಂಬರ್ ೧೩ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮನು ಶರಣಾದನು. ಆ ದಿನವನ್ನು ಇಂದಿಗೂ ಕಲ್ಯಾಣ ಕರ್ನಾಟಕದಲ್ಲಿ ಉತ್ಸವವಾಗಿ ಆಚರಿಸುತ್ತಾರೆ. ಆಚರಿಸುವುದು ನ್ಯಾಯವೇ.

ನಮ್ಮ ಪಾಠ ಇಲ್ಲಿಗೆ ಮುಗಿಯುತ್ತದೆ. ನಡೆದ ಸಂಗತಿ ಇಲ್ಲಿಗೆ ಮುಗಿಯಲಿಲ್ಲ.

ರಜಾಕಾರರು ಚದುರಿಹೋದ ಮೇಲೆ ಹಲವು ಊರುಗಳಲ್ಲಿ ಸೇಡಿನ ಅಲೆ ಎದ್ದಿತು. ಅದಕ್ಕೆ ಬಲಿಯಾದವರು ಬಹುಪಾಲು ರಜಾಕಾರರಲ್ಲ. ಅವರ ಧರ್ಮಕ್ಕೆ ಸೇರಿದವರೆಂಬ ಒಂದೇ ಅಪರಾಧಕ್ಕಾಗಿ ಸಿಕ್ಕಿಬಿದ್ದ ಸಾಮಾನ್ಯ ಜನರು: ನೇಯುವವರು, ಅಂಗಡಿಯವರು, ಹೆಂಗಸರು, ಮಕ್ಕಳು. ಈ ಸುದ್ದಿ ದೆಹಲಿಗೆ ಮುಟ್ಟಿದಾಗ ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಈ ಮೂವರನ್ನು ಕಳುಹಿಸಿದರು. ನವೆಂಬರ್ ೨೯ರಿಂದ ಡಿಸೆಂಬರ್ ೨೧ರ ವರೆಗೆ ಇವರು ಸಂಸ್ಥಾನದ ೧೬ ಜಿಲ್ಲೆಗಳ ಪೈಕಿ ೯ ಜಿಲ್ಲೆಗಳನ್ನು ಸುತ್ತಿದರು. ಸತ್ತವರ ಸಂಖ್ಯೆ ೨೭ ಸಾವಿರದಿಂದ ೪೦ ಸಾವಿರದ ವರೆಗೆ ಇರಬಹುದೆಂದು ಅವರ ಅಂದಾಜು. ಅದರಲ್ಲಿ ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳದ್ದೇ ೧೮ ಸಾವಿರಕ್ಕೆ ಕಡಮೆಯಿಲ್ಲವೆಂದರು. ಇದು ಅಂದಾಜೇ ಹೊರತು ತಲೆಯೆಣಿಕೆಯಲ್ಲವೆಂಬುದನ್ನು ನೆನಪಿಡಬೇಕು. ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಅದು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದುಗರಿಗೆ ದೊರೆಯುವಂತಾದುದು ೨೦೧೩ರ ಸುಮಾರಿಗೆ, ಅಂದರೆ ೬೫ ವರ್ಷಗಳ ಮೇಲೆ.

ಗೋರ್ಟಾದಲ್ಲಿ ೨೦೨೩ರಲ್ಲಿ ಹುತಾತ್ಮರ ಸ್ಮಾರಕ ಅನಾವರಣಗೊಂಡಿತು. ಅದು ಆಗಬೇಕಾದ ಕೆಲಸವೇ ಆಗಿತ್ತು. ಆದರೆ ಎರಡನೆಯ ಪಟ್ಟಿಯಲ್ಲಿ ಸೇರಿದವರೂ ಕನ್ನಡ ನೆಲದವರೇ ಅಲ್ಲವೇ? ಅವರ ಹೆಸರನ್ನು ಹೇಳುವವರಾರು?

ಇಲ್ಲಿ ಒಂದು ಕಾಲದ ಸಂಗತಿಯನ್ನು ಗಮನಿಸಬೇಕು. ಆ ಮೂವರು ಹಿರಿಯರು ಹಳ್ಳಿಗಳಲ್ಲಿ ಸುತ್ತುತ್ತಿದ್ದ ದಿನಗಳಲ್ಲೇ, ಡಿಸೆಂಬರ್ ೯ರಂದು, ಪ್ಯಾರಿಸ್ಸಿನಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಮಹಾಸಭೆ ಜನಾಂಗಹತ್ಯೆಯನ್ನು ತಡೆಗಟ್ಟುವ ಮತ್ತು ಶಿಕ್ಷಿಸುವ ಒಪ್ಪಂದವನ್ನು ಅಂಗೀಕರಿಸಿತು. ಮರುದಿನವೇ, ಡಿಸೆಂಬರ್ ೧೦ರಂದು, ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಹೊರಬಂತು. ಆ ಘೋಷಣೆಯ ಮೊದಲ ವಿಧಿಯಲ್ಲಿ ಎಲ್ಲ ಪುರುಷರು ಎಂಬರ್ಥ ಕೊಡುತ್ತಿದ್ದ ಮಾತನ್ನು ತೆಗೆಸಿ ಎಲ್ಲ ಮನುಷ್ಯಜೀವಿಗಳು ಎಂದು ಬರೆಸಿದವರು ನಮ್ಮ ದೇಶದ ಹಂಸಾ ಮೆಹ್ತಾ ಅವರು. ಲೋಕವು ಪ್ಯಾರಿಸ್ಸಿನಲ್ಲಿ ಈ ಮಾತುಗಳನ್ನು ಬರೆಯುತ್ತಿದ್ದಾಗ ಕನ್ನಡದ ಹಳ್ಳಿಗಳಲ್ಲಿ ವಿಧವೆಯರು ತಮ್ಮ ಕಥೆಯನ್ನು ಆ ಮೂವರ ಮುಂದೆ ಹೇಳುತ್ತಿದ್ದರು. ಆದ್ದರಿಂದ ಮಾನವ ಹಕ್ಕುಗಳೆಂಬುದು ಎಲ್ಲಿಯೋ ದೂರದ ಯೂರೋಪಿನ ವಿಷಯ, ನಮಗೇಕೆ ಎನ್ನುವವರ ಮಾತು ಸಲ್ಲದು.

ಹಾಗಾದರೆ ಹೈದರಾಬಾದಿನಲ್ಲಿ ನಡೆದುದು ಜನಾಂಗಹತ್ಯೆಯೇ? ಈ ಪದವನ್ನು ಎಚ್ಚರದಿಂದ ಬಳಸಬೇಕು. ರಾಫೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲರು ಅದರ ಮೂಲಪದವನ್ನು ೧೯೪೪ರಲ್ಲಿ ಟಂಕಿಸಿದರು. ಒಪ್ಪಂದದ ಪ್ರಕಾರ, ಒಂದು ರಾಷ್ಟ್ರದ, ಬುಡದ, ವರ್ಣದ ಅಥವಾ ಧರ್ಮದ ಸಮುದಾಯವನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಲಿ ನಾಶಮಾಡುವ ಉದ್ದೇಶ ಅಲ್ಲಿರಬೇಕು. ಎಲ್ಲ ಕಗ್ಗೊಲೆಯೂ ಅದಾಗುವುದಿಲ್ಲ. ಪ್ರತಿಯೊಂದು ಗಲಭೆಗೂ ಆ ಹೆಸರನ್ನು ಹಚ್ಚಿದರೆ ಪದ ಸವೆದುಹೋಗುತ್ತದೆ. ನಮ್ಮ ಭಾಷೆಯಲ್ಲಿ ಪತ್ರಿಕೆಗಳು ಹೆಚ್ಚಾಗಿ “ನರಮೇಧ” ಎಂದು ಬರೆಯುತ್ತವೆ. ಆ ಪದ ನನಗೆ ಅಷ್ಟಾಗಿ ಹಿಡಿಸದು. ಮೇಧವೆಂದರೆ ಯಜ್ಞ, ಯಜ್ಞಕ್ಕೊಂದು ಫಲವಿರುತ್ತದೆ, ದೇವತೆಯಿರುತ್ತದೆ. ನಿರಪರಾಧಿಗಳ ಕೊಲೆಗೆ ಯಾವ ದೇವತೆ? ಕೊಲೆಯನ್ನು ಕೊಲೆ ಎನ್ನುವುದೇ ಮೇಲು. ಗೋರ್ಟಾದ್ದೂ ಕೊಲೆ, ಸೇಡಿನ ಅಲೆಯದ್ದೂ ಕೊಲೆ. ಹೆಸರು ಏನೇ ಆಗಲಿ, ಬೇರು ಒಂದೇ: ಒಬ್ಬ ಮಾಡಿದ ತಪ್ಪಿಗೆ ಅವನ ಗುಂಪಿನವರೆಲ್ಲರೂ ತಲೆಕೊಡಬೇಕೆಂಬ ನಂಬಿಕೆ.

ಭಾರತವು ಈ ಒಪ್ಪಂದಕ್ಕೆ ೧೯೪೯ರಲ್ಲಿ ಸಹಿ ಹಾಕಿ, ೧೯೫೯ರಲ್ಲಿ ಅದನ್ನು ಸ್ಥಿರೀಕರಿಸಿತು. ಆದರೆ ಜನಾಂಗಹತ್ಯೆಯನ್ನು ಪ್ರತ್ಯೇಕ ಅಪರಾಧವೆಂದು ಹೇಳುವ ಕಾನೂನು ನಮ್ಮಲ್ಲಿ ಇನ್ನೂ ಬಂದಿಲ್ಲ. ೧೯೮೪ರ ದೆಹಲಿಯ ಸಿಖ್ಖರ ಹತ್ಯೆಗೆ ಸಂಬಂಧಿಸಿದ ಒಂದು ಮೊಕದ್ದಮೆಯ ತೀರ್ಪಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ೨೦೧೮ರಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿತು. ಕಾನೂನು ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಪಾಠ ನಮ್ಮ ಕೈಯಲ್ಲಿದೆ.

ಇಷ್ಟು ಹೇಳಿದಾಗ ಕೆಲವರು ಆಕ್ಷೇಪಿಸುವುದು ಸಹಜ. ಮೊದಲನೆಯ ಆಕ್ಷೇಪ: ಮಾಯುತ್ತಿರುವ ಗಾಯವನ್ನು ಕೆರೆಯುವುದೇಕೆ? ಎಳೆಯರಿಗೆ ಇಂಥ ಘೋರವನ್ನು ಹೇಳಿ ಅವರ ಮನಸ್ಸನ್ನು ಕಲಕುವುದೇಕೆ? ಹೇಳದೆ ಇದ್ದರೆ ಅವರಿಗೆ ತಿಳಿಯುವುದಿಲ್ಲವೆಂಬುದಾದರೆ ನಾನೂ ಒಪ್ಪುತ್ತಿದ್ದೆ. ಆದರೆ ಪಾಠ ಆಗಲೇ ನಡೆಯುತ್ತಿದೆ. ಅಂದು ಸಂಜೆ ಬೆಟ್ಟದ ಮೇಲೆ ನಡೆಯಿತು. ಅದರ ಗುರು ಯಾರೆಂಬುದು ಗೊತ್ತಿಲ್ಲ, ಪಠ್ಯ ಯಾರು ಬರೆದರೆಂಬುದು ಗೊತ್ತಿಲ್ಲ, ಪ್ರಶ್ನೆ ಕೇಳಲು ಅವಕಾಶವಿಲ್ಲ. ಹೇಳಿದುದೆಲ್ಲ ಸುಳ್ಳಾಗಿದ್ದರೆ ಸುಲಭವಾಗಿತ್ತು. ಅದು ನಿಜ, ಆದರೆ ಅರ್ಧ ನಿಜ. ಅರ್ಧ ನಿಜವನ್ನು ಅಲ್ಲಗಳೆಯುವುದು ಸುಳ್ಳನ್ನು ಅಲ್ಲಗಳೆಯುವುದಕ್ಕಿಂತ ಕಷ್ಟ. ಅದಕ್ಕೆ ಉಳಿದ ಅರ್ಧವನ್ನು ಹೇಳುವುದೊಂದೇ ಮದ್ದು. ತರಗತಿ ಮೌನವಾಗಿದ್ದರೆ ಆ ಸ್ಥಳವನ್ನು ಬೀದಿ ತುಂಬುತ್ತದೆ.

ಎರಡನೆಯ ಆಕ್ಷೇಪ: ಎರಡನ್ನೂ ಹೇಳುವುದೆಂದರೆ ಒಂದರ ಲೆಕ್ಕವನ್ನು ಇನ್ನೊಂದಕ್ಕೆ ವಜಾ ಹಾಕಿದಂತಲ್ಲವೇ? ಖಂಡಿತವಾಗಿಯೂ ಅಲ್ಲ. ಜಮಾ ಖರ್ಚಿನ ಪುಸ್ತಕದಲ್ಲಿ ಎರಡು ಕಡೆಯೂ ಸಮವಾದರೆ ಬಾಕಿ ಸೊನ್ನೆ. ಹೆಣಗಳ ವಿಷಯದಲ್ಲಿ ಎರಡು ಕಡೆಯದನ್ನೂ ಕೂಡಿಸಬೇಕೇ ಹೊರತು ಕಳೆಯಬಾರದು. ಗೋರ್ಟಾದವರ ದುಃಖ ಬೀದರಿನ ನೇಕಾರನ ಸಾವಿನಿಂದ ಕಡಮೆಯಾಗಲಿಲ್ಲ. ಅವನ ಮನೆಯವರ ದುಃಖವೂ ಗೋರ್ಟಾದಿಂದ ಕಡಮೆಯಾಗದು.

ಮೂರನೆಯ ಆಕ್ಷೇಪ ವಿದ್ಯಾವಂತರದು: ನಾಲ್ಕಕ್ಷರ ಕಲಿತವರು ಇಂಥ ಕೆಲಸ ಮಾಡುವುದಿಲ್ಲ, ಶಿಕ್ಷಣ ಹರಡಿದರೆ ತಾನಾಗಿ ಎಲ್ಲವೂ ಸರಿಹೋಗುತ್ತದೆ. ಹೀಗೆ ನಂಬಲು ನಮಗೆಲ್ಲ ಹಿತವಾಗಿರುತ್ತದೆ. ಆದರೆ ೧೯೪೨ರ ಜನವರಿ ೨೦ರಂದು ಬರ್ಲಿನ್ನಿನ ಹೊರವಲಯದ ವಾನ್‌ಜೀ ಎಂಬಲ್ಲಿ ಯೂರೋಪಿನ ಯಹೂದಿಗಳ ನಾಶದ ಏರ್ಪಾಟನ್ನು ಚರ್ಚಿಸಲು ಸೇರಿದ ೧೫ ಮಂದಿಯಲ್ಲಿ ೮ ಮಂದಿ ಡಾಕ್ಟರೇಟ್ ಪದವೀಧರರು. ನಮ್ಮ ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲದಲ್ಲಿ ತೂಗುದಾರಿಯಲ್ಲಿ ಇಳಿದು ಭದ್ರಾವತಿಯ ಕಾರ್ಖಾನೆಗೆ ಹೋಗಿ ಕಬ್ಬಿಣವಾಗುತ್ತಿತ್ತು. ಕಬ್ಬಿಣ ನೇಗಿಲಿನ ಕುಳವೂ ಆಗುತ್ತದೆ, ಕತ್ತಿಯ ಅಲಗೂ ಆಗುತ್ತದೆ. ವಿದ್ಯೆಯೂ ಹಾಗೆಯೇ. ಏನಾಗಬೇಕೆಂದು ಯಾರೋ ನಿರ್ಧರಿಸಲೇಬೇಕು.

ದೂರದ ಮಾತು ಸಾಕು, ಹತ್ತಿರದ್ದನ್ನು ನೋಡೋಣ. ಕೋಮಿನ ದ್ವೇಷವೊಂದೇ ನಮ್ಮ ನಾಡಿನ ರೋಗವಲ್ಲ. ೨೦೦೦ದ ಮಾರ್ಚ್ ೧೧ರಂದು, ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ೨೦೦೬ರಲ್ಲಿ ಆರೋಪಿಗಳೆಲ್ಲರ ಬಿಡುಗಡೆಯಾಯಿತು, ೨೦೧೪ರಲ್ಲಿ ಉಚ್ಚ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಏಳು ಜನ ಸತ್ತರು, ಕೊಂದವರು ಮಾತ್ರ ಯಾರೂ ಇಲ್ಲ. ನಮ್ಮ ತರಗತಿಯಲ್ಲಿ ಈ ಊರಿನ ಹೆಸರನ್ನು ಕೇಳಿದವರು ಎಷ್ಟು ಮಂದಿ ಎಂದು ವಿಚಾರಿಸಿದೆ. ಇಬ್ಬರು ಕೈಯೆತ್ತಿದರು.

ಇನ್ನು ನಮ್ಮ ಬೆಟ್ಟವನ್ನೇ ತೆಗೆದುಕೊಳ್ಳಿ. ಕೆಮ್ಮಣ್ಣುಗುಂಡಿ ಇರುವುದು ಬಾಬಾಬುಡನ್ ಗಿರಿಶ್ರೇಣಿಯಲ್ಲಿ. ಆ ಶ್ರೇಣಿಯ ಗುಹೆಯೊಂದರಲ್ಲಿ ದತ್ತಾತ್ರೇಯನೆಂದು ಕೆಲವರೂ ದಾದಾ ಹಯಾತರೆಂದು ಕೆಲವರೂ ತಲೆತಲಾಂತರದಿಂದ ಕೈಮುಗಿದು ಬಂದಿದ್ದಾರೆ. ಕಳೆದ ಕೆಲವು ದಶಕಗಳಿಂದ ಅದೇ ಸ್ಥಳದ ಹೆಸರಿನಲ್ಲಿ ವ್ಯಾಜ್ಯ, ಮೆರವಣಿಗೆ, ಬಂದೋಬಸ್ತುಗಳನ್ನು ನಮ್ಮ ಜಿಲ್ಲೆ ಕಾಣುತ್ತಿದೆ. ವ್ಯಾಜ್ಯವನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ ಆ ದಿನಗಳಲ್ಲಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂರುವ ಸಾಮಾನ್ಯ ಮನುಷ್ಯನ ಭಯವನ್ನು ತೀರ್ಮಾನಿಸುವವರು ನಾವೇ, ಅವನ ನೆರೆಹೊರೆಯವರು.

ಹಾಗಾದರೆ ಏನು ಕಲಿಸಬೇಕು, ಹೇಗೆ ಕಲಿಸಬೇಕು? ವಿಶ್ವಸಂಸ್ಥೆಯು ೨೦೧೧ರಲ್ಲಿ ಮಾನವ ಹಕ್ಕುಗಳ ಶಿಕ್ಷಣವನ್ನು ಕುರಿತೇ ಒಂದು ಘೋಷಣೆಯನ್ನು ಹೊರಡಿಸಿತು. ಅದರ ಸಾರ ಮೂರು ಮಾತಿನಲ್ಲಿದೆ: ಹಕ್ಕುಗಳ ಬಗ್ಗೆ ಕಲಿಯುವುದು, ಹಕ್ಕುಗಳನ್ನು ಗೌರವಿಸುವ ರೀತಿಯಲ್ಲಿ ಕಲಿಯುವುದು, ಹಕ್ಕುಗಳಿಗಾಗಿ ನಿಲ್ಲಲು ಕಲಿಯುವುದು. ನಾವು ಮೊದಲನೆಯದನ್ನು ಪರೀಕ್ಷೆಗೆ ಕಂಠಪಾಠ ಮಾಡುತ್ತೇವೆ. ಎರಡನೆಯದರ ಬಗ್ಗೆ ಒಂದು ಅನುಭವ ಹೇಳುತ್ತೇನೆ.

ನಾನು ಓದಿದ ಒಂದು ಶಾಲೆಯಲ್ಲಿ ವಿದ್ಯಾರ್ಥಿವೇತನದ ದಿನ ಬಂತೆಂದರೆ ಜಾತಿಯ ಹೆಸರು ಕೂಗಿ, ಆ ಜಾತಿಯವರು ಎದ್ದುನಿಲ್ಲಿ ಎನ್ನುತ್ತಿದ್ದರು. ಮೇಷ್ಟ್ರು ಕೆಟ್ಟವರಲ್ಲ, ಪಟ್ಟಿ ಬೇಗ ಮುಗಿಯಲೆಂಬುದಷ್ಟೇ ಅವರ ಆತುರ. ವೇತನ ಕೊಡುವುದು ಹಳೆಯ ಅನ್ಯಾಯವನ್ನು ಸರಿಪಡಿಸಲು, ಅದರಲ್ಲಿ ದೋಷವಿಲ್ಲ. ಆದರೆ ಎದ್ದುನಿಂತ ಹುಡುಗನ ಕಿವಿ ಕೆಂಪಾದುದನ್ನು ನಾನು ಕುಳಿತಲ್ಲಿಂದಲೇ ನೋಡಿದ್ದೇನೆ. ರುವಾಂಡಾ ದೇಶದ ಶಾಲೆಗಳಲ್ಲಿ ಟುಟ್ಸಿ ಮಕ್ಕಳನ್ನು ಹೀಗೆಯೇ ಎದ್ದುನಿಲ್ಲಿಸುತ್ತಿದ್ದರೆಂದು ಇತ್ತೀಚೆಗೆ ಓದಿದೆ. ಬೆಲ್ಜಿಯಂ ಆಡಳಿತದ ಕಾಲದಿಂದ ಅಲ್ಲಿ ಎಲ್ಲರ ಗುರುತಿನ ಚೀಟಿಯ ಮೇಲೂ ಬುಡಕಟ್ಟಿನ ಹೆಸರಿತ್ತು. ೧೯೯೪ರಲ್ಲಿ ರೇಡಿಯೋದಲ್ಲಿ ಅವರನ್ನು ಜಿರಳೆಗಳೆಂದು ಕರೆದರು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರನ್ನು ಕೊಂದರು, ಬಹುಪಾಲು ನೆರೆಯವರ ಕೈಯಿಂದಲೇ. ನಮ್ಮ ಶಾಲೆಯ ಪಟ್ಟಿಗೂ ಅದಕ್ಕೂ ಅಜಗಜಾಂತರವಿದೆ, ಒಪ್ಪುತ್ತೇನೆ. ಆದರೆ ಮನುಷ್ಯನನ್ನು ಹೆಸರಿನಿಂದ ಕರೆಯದೆ ಗುಂಪಿನಿಂದ ಕರೆಯುವ ಅಭ್ಯಾಸ ಎಲ್ಲಿ ಮೊಳೆತರೂ ಅಲ್ಲಿಯೇ ಚಿವುಟುವುದು ಲೇಸು.

ಆದ್ದರಿಂದ ಅಧ್ಯಾಪಕ ವರ್ಗದವರಲ್ಲಿ ನನ್ನ ಮೊದಲ ವಿಜ್ಞಾಪನೆ ಇದು. ಇಂಥ ಪಾಠವನ್ನು ಹೆಣಗಳ ಚಿತ್ರಗಳಿಂದ ಪ್ರಾರಂಭಿಸಬೇಡಿ. ಅದರಿಂದ ಹುಟ್ಟುವುದು ಭಯ, ಇಲ್ಲವೇ ರೋಷ. ನಾಲ್ಕು ಪ್ರಶ್ನೆಗಳಿಂದ ಪ್ರಾರಂಭಿಸಿ: ಪಟ್ಟಿ ಬರೆದವರು ಯಾರು? ಅಪ್ಪಣೆ ಕೊಟ್ಟವರು ಯಾರು? ನೋಡಿ ಸುಮ್ಮನಿದ್ದವರು ಯಾರು? ಬಾಗಿಲು ತೆರೆದವರು ಯಾರು? ನಾಲ್ಕನೆಯ ಪ್ರಶ್ನೆಗೂ ಉತ್ತರವಿದೆ. ಸುಂದರಲಾಲರ ವರದಿಯಲ್ಲಿಯೇ ಒಂದು ಸಂಗತಿ ದಾಖಲಾಗಿದೆ. ಕೆಲವು ಸ್ಥಳಗಳಲ್ಲಿ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಸ್ವಧರ್ಮೀಯರ ಗುಂಪಿನಿಂದಲೇ ಕಾಪಾಡಿದರು. ಹಾಗೆ ಕಾಪಾಡುವಾಗ ಕೆಲವರು ತಾವೇ ಪ್ರಾಣ ಕಳೆದುಕೊಂಡರು. ಧರ್ಮ ಬೇರೆಯಾದರೂ ಮಗ್ಗ ಒಂದೇ ಆಗಿತ್ತು. ಈ ನೇಕಾರರ ಹೆಸರು ನಮಗೆ ತಿಳಿಯದು. ಇಂಥವರ ಕಥೆಯನ್ನು ಹೇಳದ ಪಾಠ ಪೂರ್ಣವಾಗುವುದಿಲ್ಲ.

ವಿದ್ಯಾರ್ಥಿಮಿತ್ರರಲ್ಲಿ ನನ್ನ ವಿಜ್ಞಾಪನೆ: ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಊರು ಯಾವಾಗಲಾದರೂ ಒಡೆದಿತ್ತೇ, ಯಾರು ಯಾರನ್ನು ಅಡಗಿಸಿಟ್ಟಿದ್ದರು, ಯಾರ ಕೇರಿಗೆ ಯಾರು ನೀರು ಬಿಡಲಿಲ್ಲ, ಆಮೇಲೆ ಹೇಗೆ ಮಾತು ಬೆಳೆಯಿತು. ಎಂಬತ್ತು ದಾಟಿದವರ ನೆನಪು ಹೆಚ್ಚು ದಿನ ಕಾಯುವುದಿಲ್ಲ. ಮೊಬೈಲಿಗೆ ಬಂದುದನ್ನು ಮುಂದೂಡುವ ಮೊದಲು, ಇದರಲ್ಲಿ ಬಿಟ್ಟುಹೋದುದು ಏನು ಎಂದು ಒಂದು ಕ್ಷಣ ಯೋಚಿಸಿ.

ಮೂರನೆಯದು ಊರಿನವರ ಮಾತು. ಕಾಲೇಜು ಊರಿನ ಹೊರಗಿರುವ ದ್ವೀಪವಾಗಬಾರದು. ಡಿಸೆಂಬರ್ ೧೦ರ ಮಾನವ ಹಕ್ಕುಗಳ ದಿನ ಭಾಷಣ, ವಂದನಾರ್ಪಣೆಗಳಲ್ಲಿ ಮುಗಿಯುತ್ತದೆ. ಅದರ ಬದಲು ೯ ಮತ್ತು ೧೦ ಎರಡೂ ದಿನ ಸೇರಿಸಿ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಂತೆ, ಒಂದು ಹಳ್ಳಿಯಲ್ಲಿ ಕುಳಿತು ಮಾತನಾಡಬಹುದು. ೧೯೯೩ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆಯಿಂದ ಆಯೋಗಗಳು ಬಂದಿವೆ, ಅಲ್ಲಿಗೆ ಬಿಳಿಯ ಹಾಳೆಯಲ್ಲಿ ಅರ್ಜಿ ಬರೆಯಬಹುದೆಂಬುದು ಎಷ್ಟು ಜನ ರೈತರಿಗೆ, ಕೂಲಿಯವರಿಗೆ ಗೊತ್ತು? ಅರ್ಜಿ ಬರೆಯಲು ಕಲಿಸುವುದೂ ಶಿಕ್ಷಣವೇ. ಸಾಕ್ಷಿ ಹೇಳಲು ಹೆದರುವವನ ಜೊತೆಯಲ್ಲಿ ಕಚೇರಿಯ ಮೆಟ್ಟಿಲಿನ ವರೆಗೆ ಹೋಗುವುದಂತೂ ಅದಕ್ಕಿಂತ ದೊಡ್ಡ ಶಿಕ್ಷಣ.

ಇಷ್ಟರಿಂದ ಲೋಕ ಬದಲಾಗುತ್ತದೆಂಬ ಭ್ರಮೆ ನನಗಿಲ್ಲ. ಕಲಿತವರೂ ಕೊಂದಿದ್ದಾರೆಂದು ನಾನೇ ಮೇಲೆ ಬರೆದಿದ್ದೇನೆ. ಆದರೆ ಗುಂಪು ಬಾಗಿಲಿಗೆ ಬಂದಾಗ, “ಈ ಮನೆಯವನು ಏನು ಮಾಡಿದ?” ಎಂದು ಕೇಳುವವನೊಬ್ಬ ಬೇಕು. ಅವನು ಅಂದೇ ಹುಟ್ಟುವುದಿಲ್ಲ. ಬಹಳ ಮೊದಲೇ, ಎಲ್ಲೋ ಒಂದು ಬೆಂಚಿನ ಮೇಲೆ ಕುಳಿತು ಆ ಪ್ರಶ್ನೆ ಕೇಳುವ ಅಭ್ಯಾಸವನ್ನು ಮಾಡಿಕೊಂಡಿರಬೇಕು.

ಕೆಮ್ಮಣ್ಣುಗುಂಡಿಯಿಂದ ಇಳಿಯುವಾಗ ಬಸ್ಸಿನಲ್ಲಿ ಹಾಡು ಕಡಮೆಯಿತ್ತು. ಚಿತ್ರ ತೋರಿಸಿದ ಗೆಳೆಯನು ಬೀದರಿನವನ ಪಕ್ಕದ ಸೀಟಿಗೆ ಹೋಗಿ ಕುಳಿತು, “ಬಾಜೂ ಮನೆಯವರು ಆಮೇಲೆ ವಾಪಸ್ಸು ಬಂದರಾ?” ಎಂದು ಕೇಳಿದ. “ಗೊತ್ತಿಲ್ಲಪ, ಆಯಿನ್ನ ಕೇಳಬೇಕು” ಎಂದ ಅವನು. ಬೇಸಗೆ ರಜೆಯಲ್ಲಿ ಕೇಳಿಕೊಂಡು ಬರುವುದಾಗಿ ಹೇಳಿದ್ದಾನೆ. ನಾವು ಕಾಯುತ್ತಿದ್ದೇವೆ.